ಎರಡನೇ ಸಲ ಕಟ್ಟಿದ ಸ್ಪೈಡರ್‌ಮ್ಯಾನ್

ಒಂದೇ ರಂಗಮಂದಿರದಲ್ಲಿ, ಬಹುಪಾಲು ಅದೇ ನಟರು, ಬಹುಪಾಲು ಅವೇ ಹಾಡುಗಳನ್ನು ಇಟ್ಟುಕೊಂಡು, ಒಂದೇ ವರ್ಷದೊಳಗೆ ಎರಡು ಬೇರೆ ಕಥೆ ಹೇಳಿದ್ದನ್ನು ನಾನು ನೋಡಿದ್ದೇನೆ. ಅದು 2011ನೇ ಇಸವಿ. ಊರು ನ್ಯೂಯಾರ್ಕ್. ನಾಟಕ ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದ ಡಾರ್ಕ್’. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಕೂಟವಾದ ಬ್ರಾಡ್‌ವೇಯಲ್ಲಿ ಅಲ್ಲಿಯವರೆಗೆ ಯಾವ ನಾಟಕಕ್ಕೂ ಅಷ್ಟು ದುಡ್ಡು ಸುರಿದಿರಲಿಲ್ಲ. ಎಲ್ಲ ಸೇರಿ ಸುಮಾರು 7.5 ಕೋಟಿ ಡಾಲರ್. ಖರ್ಚಿನ ಸುದ್ದಿಯನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ನನಗೆ ಹೇಳಬೇಕೆನಿಸುವುದು ಬೇರೆ. ಒಂದು ನಾಟಕವನ್ನು ಜನರ ಕಣ್ಣೆದುರೇ ಬಿಚ್ಚಿ, ಮತ್ತೆ ಕಟ್ಟುವಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಅಲ್ಲಿ ಕೂತು ನೋಡಿದ ಅನುಭವ.

ಬ್ರಾಡ್‌ವೇ ನಾಟಕಗಳಿಗೆ ‘ಓಪನಿಂಗ್ ನೈಟ್’ ಎಂಬ ಒಂದು ದಿನ ಇರುತ್ತದೆ. ಆದರೆ ಪ್ರದರ್ಶನ ಶುರುವಾಗುವುದು ಅಂದಲ್ಲ. ಅದಕ್ಕೆ ಮೂರು ನಾಲ್ಕು ವಾರ ಮುಂಚೆಯೇ ಟಿಕೆಟ್ ಮಾರಿ, ಜನರನ್ನು ಕೂರಿಸಿ ಆಡುತ್ತಾರೆ. ಇವೇ ಪ್ರಿವ್ಯೂಗಳು. ಹಗಲು ರಿಹರ್ಸಲ್, ರಾತ್ರಿ ಪ್ರದರ್ಶನ. ನಿನ್ನೆ ನಗು ಬರಲಿಲ್ಲವೆಂದರೆ ಆ ಮಾತು ಇವತ್ತು ಇರುವುದಿಲ್ಲ. ಒಂದು ಹಾಡು ಜಗ್ಗಿತೆಂದರೆ ಅದರ ಎರಡು ಚರಣ ಹಾರಿಹೋಗುತ್ತವೆ. ವಿಮರ್ಶಕರು ಬರುವುದು ಕೊನೆಯ ಕೆಲವು ಪ್ರಿವ್ಯೂಗಳಿಗೆ. ಅಷ್ಟರಲ್ಲಿ ನಾಟಕವನ್ನು ‘ಫ್ರೀಜ್’ ಮಾಡಿರುತ್ತಾರೆ, ಆಮೇಲೆ ಒಂದು ಪದವನ್ನೂ ಬದಲಿಸುವಂತಿಲ್ಲ. ಅವರ ಬರಹ ಅಚ್ಚಾಗುವುದು ಓಪನಿಂಗ್ ಮುಗಿದ ರಾತ್ರಿ. ಇದು ಬರೆದಿಟ್ಟ ಕಾನೂನೇನಲ್ಲ, ಎರಡೂ ಕಡೆಯವರು ಕಾಪಾಡಿಕೊಂಡು ಬಂದ ಪದ್ಧತಿ.

ಹಿಂದೆ ಈ ತಿದ್ದುವ ಕೆಲಸ ನ್ಯೂಯಾರ್ಕಿನ ಹೊರಗೆ ನಡೆಯುತ್ತಿತ್ತು. ಬಾಸ್ಟನ್, ನ್ಯೂ ಹೇವನ್, ಫಿಲಡೆಲ್ಫಿಯಾ, ವಾಷಿಂಗ್ಟನ್‌ಗಳಲ್ಲಿ ಆಡಿ, ಪೆಟ್ಟು ತಿಂದು, ಸರಿಮಾಡಿಕೊಂಡು ನ್ಯೂಯಾರ್ಕಿಗೆ ಬರುವುದು ರೂಢಿ. 1962ರಲ್ಲಿ ಸಂಗೀತಕಾರ ಸ್ಟೀಫನ್ ಸೋಂಡ್‌ಹೈಮ್ ಅವರ ಒಂದು ಹಾಸ್ಯನಾಟಕ ವಾಷಿಂಗ್ಟನ್ನಿನಲ್ಲಿ ಸಪ್ಪಗೆ ಬಿತ್ತು. ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ಬಂದು ನೋಡಿ, ನಾಟಕದಲ್ಲಿ ದೋಷವಿಲ್ಲ, ಮೊದಲ ಹಾಡು ಜನರಿಗೆ ಇದು ಎಂಥ ನಾಟಕವೆಂದು ತಿಳಿಸುತ್ತಿಲ್ಲ ಎಂದರಂತೆ. ಮೊದಲ ಹಾಡೊಂದನ್ನು ಹೊಸದಾಗಿ ಬರೆದರು. ನ್ಯೂಯಾರ್ಕಿನಲ್ಲಿ ಅದೇ ನಾಟಕ ಗೆದ್ದಿತು. ಸ್ಪೈಡರ್‌ಮ್ಯಾನ್ ತಂಡಕ್ಕೆ ಈ ದಾರಿ ಇರಲಿಲ್ಲ. ಅವರ ಹಾರಾಟದ ಯಂತ್ರಗಳು, ಕಾಮಿಕ್ ಪುಸ್ತಕದ ಪುಟದ ಹಾಗೆ ಬಿಚ್ಚಿಕೊಳ್ಳುವ ಸೆಟ್ಟುಗಳು ಎಲ್ಲವನ್ನೂ 42ನೇ ಬೀದಿಯ ಫಾಕ್ಸ್‌ವುಡ್ಸ್ ಥಿಯೇಟರಿಗೆಂದೇ ಮಾಡಿಸಿದ್ದರು. ಇನ್ನೊಂದು ಊರಿಗೆ ಕೊಂಡೊಯ್ದು ಪರೀಕ್ಷಿಸುವ ಮಾತೇ ಇಲ್ಲ. ಪರೀಕ್ಷೆ, ತಪ್ಪು, ತಿದ್ದುಪಡಿ ಎಲ್ಲ ನ್ಯೂಯಾರ್ಕಿನ ನಟ್ಟನಡುವೆ, ಸುಮಾರು 1,900 ಜನರ ಮುಂದೆ.

ಮೊದಲ ಪ್ರಿವ್ಯೂ 2010ರ ನವೆಂಬರ್ 28ರಂದು ನಡೆಯಿತು. ಅಂದು ಆಟ ಐದು ಸಲ ನಿಂತಿತೆಂದು ಮಾರನೆಯ ದಿನದ ಪತ್ರಿಕೆಯಲ್ಲಿತ್ತು. ಡಿಸೆಂಬರ್ 20ರಂದು ಕ್ರಿಸ್ಟೋಫರ್ ಟಿಯರ್ನಿ ಎಂಬ ನಟ, ಸ್ಪೈಡರ್‌ಮ್ಯಾನ್ ವೇಷದಲ್ಲಿ, ರಕ್ಷಣೆಯ ಹಗ್ಗ ಸಿಕ್ಕಿಸಿರದ ಕಾರಣ ವೇದಿಕೆಯಿಂದ ಕೆಳಗೆ ಬಿದ್ದು ತೀವ್ರವಾಗಿ ಗಾಯಗೊಂಡರು. ಅದಕ್ಕೆ ಮುಂಚೆ ಅರಾಕ್ನೆ ಎಂಬ ಜೇಡದ ಹೆಣ್ಣಿನ ಪಾತ್ರ ಮಾಡುತ್ತಿದ್ದ ನಟಾಲಿ ಮೆಂಡೋಜಾ ತಲೆಗೆ ಪೆಟ್ಟು ಬಿದ್ದು, ವರ್ಷದ ಕೊನೆಗೆ ನಾಟಕ ಬಿಟ್ಟರು. ಆ ಪಾತ್ರಕ್ಕೆ ಟಿ. ವಿ. ಕಾರ್ಪಿಯೊ ಬಂದರು. ಓಪನಿಂಗ್ ದಿನ ಡಿಸೆಂಬರಿನಿಂದ ಜನವರಿಗೆ, ಫೆಬ್ರವರಿಗೆ, ಮಾರ್ಚಿಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಫೆಬ್ರವರಿಯಲ್ಲಿ ವಿಮರ್ಶಕರು ಕಾದು ಸಾಕಾಗಿ, ಪದ್ಧತಿ ಮುರಿದು, ತಾವೇ ಟಿಕೆಟ್ ಕೊಂಡು ನೋಡಿ ಬರೆದರು. ಬರೆದದ್ದು ಬಹಳ ಕಟುವಾಗಿತ್ತು.

ನಾನು ಮೊದಲ ರೂಪವನ್ನು ನೋಡಿದ್ದು ಆ ಚಳಿಗಾಲದಲ್ಲೇ, ವಿಮರ್ಶೆಗಳನ್ನು ಓದಿದ ಮೇಲೆ. ಹೋಗಲು ನನಗೆ ಎರಡು ಕಾರಣಗಳಿದ್ದವು. ಒಂದು, ನಿರ್ದೇಶಕಿ ಜೂಲಿ ಟೇಮರ್. 1997ರಲ್ಲಿ ‘ಲಯನ್ ಕಿಂಗ್’ ನಾಟಕವನ್ನು ಮುಖವಾಡ, ಸೂತ್ರದ ಗೊಂಬೆಗಳಲ್ಲಿ ಕಟ್ಟಿದವರು. ಸಂಗೀತ ನಾಟಕದ ನಿರ್ದೇಶನಕ್ಕೆ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ ಪಡೆದ ಮೊದಲ ಹೆಂಗಸು. ಎರಡನೆಯದು, ಅವರು ಸ್ಪೈಡರ್‌ಮ್ಯಾನ್ ಕಥೆಗೆ ಅರಾಕ್ನೆಯನ್ನು ಸೇರಿಸಿದ್ದರು. ಗ್ರೀಕ್ ಪುರಾಣದ ಈ ಹೆಣ್ಣು ನೇಕಾರಳು. ನೇಯ್ಗೆಯಲ್ಲಿ ತನಗೆ ಸಮಾನರಿಲ್ಲವೆಂದು ಅಥೀನಾ ದೇವಿಗೇ ಸವಾಲು ಹಾಕಿ, ಕೊನೆಗೆ ನೇಣು ಹಾಕಿಕೊಂಡು, ಅದೇ ದೇವಿಯ ಕೈಯಲ್ಲಿ ಜೇಡವಾಗುತ್ತಾಳೆ. ನಮ್ಮದು ಗುಳೇದಗುಡ್ಡ. ಖಣ ನೇಯುವ ಊರು. ಕುಳಿಮಗ್ಗದ ಲಾಳಿಯ ಸದ್ದಿನಲ್ಲೇ ಬೆಳೆದವಳು ನಾನು. ನೇಕಾರಳೊಬ್ಬಳು ಬ್ರಾಡ್‌ವೇಯಲ್ಲಿ ನಾಯಕಿಯ ಸಮಕ್ಕೆ ನಿಲ್ಲುತ್ತಾಳೆಂದರೆ ನೋಡದೆ ಇರುವುದು ಹೇಗೆ?

ಮೊದಲ ಹತ್ತು ಹದಿನೈದು ನಿಮಿಷಗಳಲ್ಲೇ ಆ ದೃಶ್ಯ ಬಂತು. ಕೇಸರಿ ಬಣ್ಣದ ಉದ್ದುದ್ದ ಬಟ್ಟೆಯ ಉಯ್ಯಾಲೆಗಳಲ್ಲಿ ಹೆಣ್ಣುಗಳು ತೂಗಿ ಬರುತ್ತಾರೆ. ಒಬ್ಬಳು ಮುಂದಕ್ಕೆ ಬಂದಾಗ ಪಕ್ಕದವಳು ಹಿಂದಕ್ಕೆ. ಅವರ ನಡುವೆ ಅಡ್ಡಡ್ಡಲಾಗಿ ಅಗಲದ ಪಟ್ಟಿಯೊಂದು ಮೇಲೇರುತ್ತದೆ. ಮತ್ತೆ ತೂಗು, ಮತ್ತೊಂದು ಪಟ್ಟಿ. ನಾಲ್ಕಾರು ಸಲ ಹೀಗಾಗುವಷ್ಟರಲ್ಲಿ ವೇದಿಕೆಯ ಎತ್ತರಕ್ಕೂ ಒಂದು ಬಟ್ಟೆ ನಿಂತಿರುತ್ತದೆ. ಉಯ್ಯಾಲೆಗಳೇ ಹಾಸು, ಏರಿದ ಪಟ್ಟಿಗಳೇ ಹೊಕ್ಕು. ಹೊಕ್ಕಿನ ಮೇಲೆ ಒಂದು ಎಳೆ ಬಿಟ್ಟು ಒಂದು ಎಳೆ ಸರಿಯಾಗಿ ಮೇಲೆ ಕೆಳಗೆ ಆಗಿದೆಯೇ ಎಂದು ನಾನು ನಿಜವಾಗಿ ನೋಡಿದೆ. ಆಗಿತ್ತು. ಅದು ನೇಯ್ಗೆಯ ಅಭಿನಯವಲ್ಲ, ನೇಯ್ಗೆಯೇ. ಹೆಣ್ಣುಗಳ ಮೈಯಿಂದ ಮಗ್ಗ ಮಾಡಿದ್ದರು. ನಾನು ನೋಡಿದ ರಂಗದ ಮೇಲಿನ ಚೆಂದದ ಗಳಿಗೆಗಳಲ್ಲಿ ಅದು ಇವತ್ತಿಗೂ ಮೊದಲ ಸಾಲಿನಲ್ಲಿದೆ.

ಆದರೆ ನಾಟಕ ಅರ್ಥವಾಗುತ್ತಿರಲಿಲ್ಲ. ವೇದಿಕೆಯ ಬದಿಗೆ ಕಾಮಿಕ್ ಹುಚ್ಚಿನ ನಾಲ್ವರು ಹುಡುಗ ಹುಡುಗಿಯರ ‘ಗೀಕ್ ಕೋರಸ್’ ಕೂತು ಸ್ಪೈಡರ್‌ಮ್ಯಾನ್ ಕಥೆಯನ್ನು ತಾವೇ ಕಲ್ಪಿಸಿ ಹೇಳುತ್ತಿತ್ತು. ನಾವು ನೋಡುವುದು ಅವರ ಕಲ್ಪನೆ. ಗ್ರೀನ್ ಗಾಬ್ಲಿನ್ ಎಂಬ ಖಳ, ಪ್ಯಾಟ್ರಿಕ್ ಪೇಜ್ ಅವರ ಆ ಗವಿಯೊಳಗಿಂದ ಬಂದಂಥ ದನಿಯೊಂದಿಗೆ, ಮೊದಲ ಅಂಕದ ಕೊನೆಗೇ ಸತ್ತುಹೋಗುತ್ತಿದ್ದ. ಪ್ರೇಕ್ಷಕರ ತಲೆಯ ಮೇಲೆ ನಡೆಯುವ ದೊಡ್ಡ ಕಾಳಗ ಇಂಟರ್ವಲ್‌ಗೆ ಮುಂಚೆಯೇ ಮುಗಿದು, ಎರಡನೇ ಅಂಕ ಪೂರ್ತಿ ಅರಾಕ್ನೆಯದಾಗುತ್ತಿತ್ತು. ಅವಳು ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರನಿಗೆ ಮನಸೋಲುತ್ತಾಳೆ, ಊರಿನ ಮೇಲೆ ಭ್ರಮೆಯ ಬಲೆ ಹರಡುತ್ತಾಳೆ, ಅವಳ ಎಂಟು ಕಾಲಿನ ಸಖಿಯರು ಚಪ್ಪಲಿ ಕದ್ದು ಹಾಕಿಕೊಂಡು ಹಾಡುತ್ತಾರೆ. ಯಾವುದು ನಡೆದದ್ದು, ಯಾವುದು ಭ್ರಮೆ, ಯಾವುದು ಕೋರಸ್ಸಿನ ಕಲ್ಪನೆ? ನನ್ನ ಸುತ್ತ ಕೂತವರು ಪಕ್ಕದವರನ್ನು ಕೇಳುತ್ತಿದ್ದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಮಾರ್ಚ್ 9ರಂದು ಟೇಮರ್ ನಿರ್ದೇಶನದಿಂದ ಹೊರಬಿದ್ದ ಸುದ್ದಿ ಬಂತು. ಅವರ ಜಾಗಕ್ಕೆ ಫಿಲಿಪ್ ವಿಲಿಯಂ ಮೆಕಿನ್ಲಿ ಬಂದರು. ಸರ್ಕಸ್ ಪ್ರದರ್ಶನಗಳನ್ನೂ, ಬ್ರಾಡ್‌ವೇ ಸಂಗೀತ ನಾಟಕವನ್ನೂ ನಿರ್ದೇಶಿಸಿದ್ದವರು. ಟೇಮರ್ ಜೊತೆ ಬರೆದಿದ್ದ ಗ್ಲೆನ್ ಬರ್ಗರ್‌ಗೆ ಜೊತೆಯಾಗಿ ರಾಬರ್ಟೊ ಅಗ್ವಿರೆ ಸಕಾಸಾ ಸೇರಿದರು. ಅವರು ನಾಟಕಕಾರರೂ ಹೌದು, ಮಾರ್ವೆಲ್ ಕಾಮಿಕ್ಸ್‌ಗೆ ಬರೆದವರೂ ಹೌದು. ಏಪ್ರಿಲ್ 18ರಿಂದ ನಾಟಕ ನಿಂತಿತು. ಮೂರು ವಾರದ ಚಿಲ್ಲರೆ ದಿನಗಳಲ್ಲಿ ಕಥೆ ಬದಲಿಸಿ, ಹಾಡು ಬರೆದು, ಕುಣಿತ ಕಲಿಸಿ, ಹಾರಾಟದ ಕ್ರಮವನ್ನು ಕಂಪ್ಯೂಟರಿಗೆ ಹೊಸದಾಗಿ ತುಂಬಿಸಿ, ಮೇ 12ರಂದು ಮತ್ತೆ ಪ್ರಿವ್ಯೂ ಶುರು ಮಾಡಿದರು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳು. ಬಾದಾಮಿ ಹತ್ತಿರದ ಆ ಜಾತ್ರೆಗೆ ಪ್ರತಿ ವರ್ಷ ಹಲವು ಕಂಪನಿಗಳು ತಂಬು ಹೊಡೆಯುತ್ತವೆ, ರಾತ್ರಿಯೆಲ್ಲ ಆಟ. ಇವತ್ತು ಒನ್ಸ್ ಮೋರ್ ಬಿದ್ದ ಹಾಡು ನಾಳೆ ಇನ್ನೂ ಉದ್ದವಾಗುತ್ತದೆ, ಜನ ಎದ್ದು ಚಹಾಕ್ಕೆ ಹೋದ ಸೀನು ಮೊಟಕಾಗುತ್ತದೆ. ಕಾಲುಪೆಟ್ಟಿಗೆಯ ಮಾಸ್ತರರು ಕೂತಲ್ಲೇ ಹೊಸ ಧಾಟಿ ಕೂಡಿಸುತ್ತಾರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದಿತ್ತು. ಹಾಗಾಗಿ ಅಬ್ಬರದ ರಂಗಸಜ್ಜಿಕೆಯ ಬಗ್ಗೆ ಮೂಗು ಮುರಿಯುವ ಜನ ನಾವಲ್ಲ. ನಾಟಕವೆಂದರೆ ಜನರ ಮುಂದೆ ಇಟ್ಟು ತಿದ್ದುವ ವಸ್ತು ಎಂಬುದು ನಮಗೆ ಹೊಸತೂ ಅಲ್ಲ. ಆದರೆ ಕಂಪನಿ ನಾಟಕದಲ್ಲಿ ಮಾತು ಬದಲಾಗಲು ನಟನ ಬಾಯಿ ಬದಲಾದರೆ ಸಾಕು. ಇಲ್ಲಿ ಒಂದು ಮಾತು ಸರಿದರೆ ಅದರ ಹಿಂದೆ ಬೆಳಕು, ತಂತಿ, ಮೋಟಾರು, ಹತ್ತಾರು ತೆರೆಮರೆಯ ಕೆಲಸಗಾರರು ಸರಿಯಬೇಕು.

ಎರಡನೇ ಸಲಕ್ಕೆ ತಮ್ಮನ ಮಗನನ್ನು ಕರೆದುಕೊಂಡು ಹೋದೆ. ಧಾರವಾಡದಲ್ಲಿ ಓದಿ, ಎಂಎಸ್ ಮಾಡಲು ನ್ಯೂಜೆರ್ಸಿಗೆ ಬಂದಿದ್ದ ಹುಡುಗ. ಟಿವಿಯಲ್ಲಿ ಸ್ಪೈಡರ್‌ಮ್ಯಾನ್ ಕಾರ್ಟೂನ್ ನೋಡುತ್ತ ಬೆಳೆದವನು, ಮೊದಲ ರೂಪ ನೋಡಿರಲಿಲ್ಲ. ಬೇಕೆಂದೇ ನಾನು ಅದರ ಕಥೆಯನ್ನು ಅವನಿಗೆ ಹೇಳಲಿಲ್ಲ. ತಿದ್ದಿದ ನಾಟಕ ತನ್ನ ಕಾಲ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯಲು ಹಳೆಯದನ್ನು ನೋಡದ ಕಣ್ಣು ಬೇಕು.

ಜರ್ಸಿ ಕಡೆಯಿಂದ ಬಸ್ಸು ಹಿಡಿದು ಪೋರ್ಟ್ ಅಥಾರಿಟಿಯಲ್ಲಿ ಇಳಿದರೆ ಎಂಟನೇ ಅವೆನ್ಯೂ ದಾಟಿದರಾಯಿತು, ಥಿಯೇಟರ್ ಬಂದೇ ಬಿಡುತ್ತದೆ. ಹೊರಗೆ ಸಾಲಿನಲ್ಲಿದ್ದವರ ಮಾತು ಕೇಳುತ್ತ ನಿಂತೆವು. ಸುಮಾರು ಜನ ನನ್ನ ಹಾಗೆ ಮತ್ತೆ ಬಂದವರು. ಮಕ್ಕಳನ್ನು ಕರೆತಂದ ಪ್ರವಾಸಿಗಳು ಇನ್ನೂ ಹೆಚ್ಚು. ನಮ್ಮ ಸೀಟು ಮೊದಲ ಬಾಲ್ಕನಿಯ ಮುಂದಿನ ಸಾಲುಗಳಲ್ಲಿ. ಅದಕ್ಕೆ ಅವರು ಫ್ಲೈಯಿಂಗ್ ಸರ್ಕಲ್ ಎಂದು ಹೆಸರಿಟ್ಟಿದ್ದರು. ಹಾರಿ ಬರುವವರು ಇಳಿಯುವುದು ಅಲ್ಲಿಗೇ. ಈ ನಾಟಕಕ್ಕೆ ಯಾರಾದರೂ ಸೀಟಿನ ಸಲಹೆ ಕೇಳಿದರೆ ನಾನು ಅದನ್ನೇ ಹೇಳುತ್ತಿದ್ದೆ. ಕೆಳಗೆ ಕೂತರೆ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ಅರ್ಧ ನಾಟಕ ನಡೆಯುವುದು ನಮ್ಮ ನೆತ್ತಿಯ ಮೇಲೆ.

ಪ್ಲೇಬಿಲ್ ಪುಸ್ತಿಕೆ ತೆರೆದ ಕೂಡಲೇ ನಾನು ನೋಡಿದ್ದು ಹಾಡುಗಳ ಪಟ್ಟಿ. ಚಪ್ಪಲಿಯ ಹಾಡು ಇರಲಿಲ್ಲ. ಗೀಕ್ ಕೋರಸ್ಸಿನ ನಾಲ್ವರ ಹೆಸರು ಎಲ್ಲೂ ಇರಲಿಲ್ಲ. ಗಾಬ್ಲಿನ್‌ಗೆ ಹೊಸ ಹಾಡು ಬಂದಿತ್ತು. ಟೇಮರ್ ಹೆಸರು ‘ಮೂಲ ನಿರ್ದೇಶನ’ ಎಂಬಲ್ಲಿ ಉಳಿದಿತ್ತು. ಪಟ್ಟಿಯ ಮೇಲಿನ ತುದಿಯಲ್ಲೇ ಅರಾಕ್ನೆಯ ಪುರಾಣ ಇನ್ನೂ ಇದ್ದದ್ದನ್ನು ಕಂಡು ನನಗೆ ಜೀವ ಬಂದ ಹಾಗಾಯಿತು.

ನಾಟಕ ಶುರುವಾಗಿ ಅರ್ಧ ಗಂಟೆಯೊಳಗೆ ವ್ಯತ್ಯಾಸ ಗೊತ್ತಾಯಿತು. ಕಥೆ ಈಗ ಪೀಟರನದು. ಹೆದರುವ ಹುಡುಗ, ಶಾಲೆಯಲ್ಲಿ ಅವನನ್ನು ಬಡಿಯುವವರು, ಪಕ್ಕದ ಮನೆಯ ಮೇರಿ ಜೇನ್, ಸಾಕಿದ ಚಿಕ್ಕಪ್ಪ ಬೆನ್ ಮತ್ತು ಚಿಕ್ಕಮ್ಮ ಮೇ. ಮೊದಲ ರೂಪದಲ್ಲಿ ಆ ಇಬ್ಬರು ಹಿರಿಯರು ಬಂದು ಹೋಗುವ ನೆರಳುಗಳಂತಿದ್ದರು. ಈಗ ಅವರಿಗೆ ಮಾತು ಇತ್ತು, ಮನೆಯಿತ್ತು. ಹಾಗಾಗಿ ಬೆನ್ ಸತ್ತಾಗ ಥಿಯೇಟರಿನಲ್ಲಿ ಯಾರಿಗೋ ಏನೋ ಆಯಿತು ಎನ್ನಿಸಲಿಲ್ಲ, ನಮ್ಮ ಮನೆಯ ಸಾವು ಅನ್ನಿಸಿತು. ಪೀಟರ್ ಆದ ರೀವ್ ಕಾರ್ನಿ ಮತ್ತು ಮೇರಿ ಜೇನ್ ಆದ ಜೆನಿಫರ್ ಡಾಮಿಯಾನೊ ಅವರ ಪ್ರೇಮಕ್ಕೂ ಜಾಗ ಸಿಕ್ಕಿತ್ತು. ಚಳಿಗಾಲದಲ್ಲಿ ಇದೇ ಇಬ್ಬರು ಇವೇ ಹಾಡು ಹಾಡಿದ್ದನ್ನು ಕೇಳಿದ್ದೆ. ಆಗ ಕಿವಿಗೆ ಇಂಪಾಗಿತ್ತು, ಅಷ್ಟೇ. ಈಗ ಯಾಕೆ ಹಾಡುತ್ತಿದ್ದಾರೆಂದು ತಿಳಿಯಿತು. ಅದೇ ಸ್ವರ, ಅದೇ ಸಾಲು, ಹಿಂದೆ ಮುಂದೆ ಎರಡು ಸೀನು ಬದಲಾದದ್ದಕ್ಕೆ ಹಾಡಿನ ತೂಕವೇ ಬೇರೆಯಾಯಿತು. ತಿದ್ದುಪಡಿಯ ಶಕ್ತಿ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ಇಲ್ಲಿ, ಹೊಸ ಹಾಡುಗಳಲ್ಲಿ ಅಲ್ಲ.

ಪೀಟರ್ ತನ್ನ ಕೋಣೆಯಲ್ಲಿ ಮೊದಲ ಸಲ ಗೋಡೆಯಿಂದ ಗೋಡೆಗೆ ಚಿಮ್ಮುವ ಸೀನು ಎರಡೂ ರೂಪಗಳಲ್ಲಿ ಇತ್ತು. ಗೋಡೆಗಳೂ ಅವನೊಂದಿಗೆ ಓಲಾಡುತ್ತವೆ. ಜಾರ್ಜ್ ಸಿಪಿನ್ ಅವರ ಸೆಟ್ಟುಗಳಲ್ಲಿ ಯಾವ ಗೋಡೆಯೂ ನೆಟ್ಟಗಿಲ್ಲ. ಎಲ್ಲವೂ ಕಾಮಿಕ್ ಪುಸ್ತಕದ ಚಿತ್ರದ ಹಾಗೆ ಸೊಟ್ಟ, ಕಪ್ಪು ಗೆರೆ ಎಳೆದವು. ನ್ಯೂಯಾರ್ಕಿನ ಗಗನಚುಂಬಿ ಕ್ರೈಸ್ಲರ್ ಕಟ್ಟಡ ವೇದಿಕೆಯಿಂದ ನಮ್ಮ ಕಡೆಗೆ ಮಲಗಿದಂತೆ ಚಾಚಿಕೊಂಡಾಗ ನಾವು ಅದರ ತುದಿಗಿಂತ ಮೇಲೆ ನಿಂತು ಬೀದಿಯನ್ನು ಇಣುಕಿ ನೋಡುತ್ತಿದ್ದೇವೆಂಬ ಭಾವ. ಎಕೊ ಇಶಿಯೋಕಾ ಅವರ ವೇಷಗಳೂ ಹಾಗೇ ಉಳಿದಿದ್ದವು. ಕಣ್ಣಿಗೆ ಬೀಳುವ ಮುಕ್ಕಾಲು ಪಾಲು ಮೊದಲಿನ ತಂಡ ಕಟ್ಟಿಟ್ಟದ್ದೇ. ಮೂರು ವಾರದಲ್ಲಿ ಬದಲಿಸಲಾಗುವುದು ಮಾತು, ಕ್ರಮ, ಕುಣಿತ. ಕಬ್ಬಿಣ, ಬಟ್ಟೆ ಅಲ್ಲ.

ನಂತರ ಹಾರಾಟ. ನಮ್ಮ ಸಾಲಿನಿಂದ ಕೆಲವೇ ಅಡಿ ಆಚೆ ಸ್ಪೈಡರ್‌ಮ್ಯಾನ್ ಬಂದು ಇಳಿದ. ಸೊಂಟದ ಎರಡೂ ಬದಿಯಿಂದ ಮೇಲಕ್ಕೆ ಹೋದ ತಂತಿಗಳು ಬಿಗಿದು ಅಲುಗುತ್ತಿದ್ದವು. ಕಾಲು ಊರಿದ ಕೂಡಲೇ ಅವನು ಮಂಡಿ ಮಡಚಿ, ಭಾರವನ್ನು ಬೆರಳುಗಳ ಮೇಲೆ ತಂದುಕೊಂಡು, ಒಂದು ಕೈಯಿಂದ ಅಂಚು ಹಿಡಿದ. ಮುಖವಾಡದ ಬಟ್ಟೆ ಬಾಯಿಯ ಹತ್ತಿರ ಉಸಿರಿಗೆ ಒಳಕ್ಕೆ ಹೊರಕ್ಕೆ ಆಡುತ್ತಿತ್ತು. ಎದೆ ಏರಿಳಿಯುತ್ತಿತ್ತು. ಮೂರು ನಾಲ್ಕು ಉಸಿರು, ಅಷ್ಟೇ, ಮತ್ತೆ ಜಿಗಿದ. ನಾಟಕದಲ್ಲಿ ಆ ವೇಷವನ್ನು ಒಬ್ಬರಲ್ಲ, ಹಲವರು ಹಾಕುತ್ತಾರೆ. ಇಲ್ಲಿ ಮಾಯವಾದವನು ಅಲ್ಲಿ ಕಾಣಿಸುವುದು ಹಾಗೆ. ಟಿಯರ್ನಿ ಆ ಹೊತ್ತಿಗೆ ಚೇತರಿಸಿಕೊಂಡು ತಂಡಕ್ಕೆ ಮರಳುತ್ತಿದ್ದ ಸುದ್ದಿ ನನಗೆ ಗೊತ್ತಿತ್ತು. ಹಾಗಾಗಿ ಪ್ರತಿ ಜಿಗಿತಕ್ಕೂ ನನ್ನ ಕಣ್ಣು ಮೊದಲು ತಂತಿ ಹುಕ್ಕಿನ ಕಡೆ ಹೋಗುತ್ತಿತ್ತು, ಆಮೇಲೆ ಅವನ ಕಡೆ. ಪಕ್ಕದಲ್ಲಿ ನಮ್ಮ ಹುಡುಗ ಮಾತ್ರ ಸೀಟಿನ ತುದಿಗೆ ಬಂದು ಕೂತು ಬಿಟ್ಟಿದ್ದ.

ಮೊದಲ ಅಂಕ ಮುಗಿಯುವ ಹೊತ್ತಿಗೆ ವಿಜ್ಞಾನಿ ನಾರ್ಮನ್ ಆಸ್‌ಬಾರ್ನ್ ಗಾಬ್ಲಿನ್ ಆಗಿ ಬದಲಾಗಿರುತ್ತಾನೆ. ಮೊದಲ ರೂಪದಲ್ಲಿ ಸತ್ತುಹೋಗುತ್ತಿದ್ದ ಜಾಗದಲ್ಲಿ ಈಗ ಅವನ ಆಟ ಶುರು. ಇದೊಂದು ಬದಲಾವಣೆಯಿಂದಲೇ ಅರ್ಧ ನಾಟಕ ಬದುಕಿತೆಂದು ನನ್ನ ಲೆಕ್ಕ. ಇಂಟರ್ವಲ್ ಆದ ಮೇಲೆ ಪ್ಯಾಟ್ರಿಕ್ ಪೇಜ್ ಹೊಸ ಹಾಡಿಗೆ ಬಂದರು. ಆರು ಜನ ವಿಚಿತ್ರ ಖಳರನ್ನು ಸೃಷ್ಟಿಸಿ ತನಗೆ ಜೊತೆ ಕಟ್ಟಿಕೊಳ್ಳುವ ಹಾಡದು. ಮೊದಲಿನ ರೂಪದಲ್ಲೂ ಆ ಆರು ಮಂದಿ ಇದ್ದರು, ಅರಾಕ್ನೆಯ ಭ್ರಮೆಯಾಗಿ. ಈಗ ಅವರಿಗೆ ಮೈ ಬಂದಿತ್ತು, ಬರಲು ಕಾರಣವಿತ್ತು. ನಾಟಕಕ್ಕೆ ಸುರಿದ ಕೋಟಿಗಟ್ಟಲೆ ಡಾಲರ್‌ಗಳ ಬಗ್ಗೆ ಗಾಬ್ಲಿನ್ ಒಂದು ಮಾತು ಹಾಕಿದಾಗ ಇಡೀ ಮಂದಿರ ಗೊಳ್ಳೆಂದಿತು. ಆಮೇಲೆ ಅವನು ಪತ್ರಿಕಾ ಕಚೇರಿಗೆ ಫೋನ್ ಮಾಡಿ, ‘ಇಂಥದಕ್ಕೆ ಒಂದು ಒತ್ತಿ, ಇಂಥದಕ್ಕೆ ಎರಡು ಒತ್ತಿ’ ಎನ್ನುವ ಯಂತ್ರದ ದನಿಗೆ ಸಿಕ್ಕಿಕೊಂಡು ಒದ್ದಾಡುತ್ತಾನೆ. ಊರನ್ನೇ ನಡುಗಿಸುವ ಖಳ ಯಂತ್ರದ ಮುಂದೆ ಮೆತ್ತಗಾಗುವುದು. ಪೇಜ್ ಪ್ರತಿ ಸಲ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೇ ದಿಟ್ಟಿಸುತ್ತಿದ್ದರು. ಮೂರನೇ ಸಲಕ್ಕೆ ಜನ ಅವರು ಕೈ ಎತ್ತುವ ಮುಂಚೆಯೇ ನಗತೊಡಗಿದರು. ಅವರೂ ಆ ನಗು ಇಳಿಯುವವರೆಗೆ ಕಾದರು, ಮತ್ತೆ ಎತ್ತಿದರು. ನಟ ಮತ್ತು ಜನರ ನಡುವಿನ ಈ ಕೊಡುಕೊಳ್ಳುವಿಕೆ ಹೊಸದಾಗಿ ಹುಟ್ಟುತ್ತಿರುವುದನ್ನು ನೋಡಬೇಕೆಂದರೆ ಪ್ರಿವ್ಯೂಗೇ ಹೋಗಬೇಕು. ಒಂದು ತಿಂಗಳಾದ ಮೇಲೆ ಆ ನಗುವಿಗೆ ಎಷ್ಟು ಹೊತ್ತು ಕಾಯಬೇಕೆಂಬುದು ನಟನ ಮೈಗೆ ಬಂದಿರುತ್ತದೆ. ಅಂದು ಅವರು ನಮ್ಮಿಂದ ಅದನ್ನು ಕಲಿಯುತ್ತಿದ್ದರು.

ಎಲ್ಲವೂ ಹದಕ್ಕೆ ಬಂದಿತ್ತೆಂದು ಹೇಳಲಾರೆ. ಎರಡನೇ ಅಂಕದ ನಡುವೆ ಕೆಲವು ಕಡೆ ಒಂದು ಸೀನಿನಿಂದ ಇನ್ನೊಂದಕ್ಕೆ ದಾಟುವಾಗ ಕಥೆ ಏದುಸಿರು ಬಿಡುತ್ತಿತ್ತು. ಹೊಸ ಮಾತುಗಳಲ್ಲಿ ಕೆಲವು ತೀರ ಮಕ್ಕಳಿಗೆ ಹೇಳುವಂತಿದ್ದವು. ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಮೂರು ಮೂರು ಸಲ ತಿಳಿಸುತ್ತಿದ್ದವು. ಅರ್ಥವಾಗಲಿಲ್ಲವೆಂಬ ದೂರನ್ನು ಚಳಿಗಾಲವಿಡೀ ಕೇಳಿದವರು ಹೀಗೆ ಮಾಡುವುದು ಸಹಜ. ಕೊನೆಯ ಕಾಳಗ ಮಾತ್ರ ಈಗ ಇರಬೇಕಾದ ಜಾಗದಲ್ಲಿ ಇತ್ತು. ಕ್ರೈಸ್ಲರ್ ಕಟ್ಟಡದ ತುದಿಯಲ್ಲಿ ಗಾಬ್ಲಿನ್ ಪಿಯಾನೊ ಮುಂದೆ ಕೂತು ಹಾಡುತ್ತಾನೆ, ಆಮೇಲೆ ಇಬ್ಬರೂ ನಮ್ಮ ತಲೆಯ ಮೇಲೆ ಹಾರುತ್ತ ಹೊಡೆದಾಡುತ್ತಾರೆ, ಅದಾದ ಮೇಲೆ ನಾಟಕ ಮುಗಿಯುತ್ತದೆ. ಇಷ್ಟು ಸರಳ ಸಂಗತಿಗೆ ಅಷ್ಟು ತಿಂಗಳು ಬೇಕಾಯಿತು.

ಮತ್ತೆ ಅರಾಕ್ನೆ. ಮಗ್ಗದ ದೃಶ್ಯ ಮೊದಲಿನಷ್ಟೇ ಚೆಂದವಾಗಿ ಬಂತು, ಜನ ಮೊದಲಿನಷ್ಟೇ ಚಪ್ಪಾಳೆ ಹೊಡೆದರು. ನಮ್ಮ ಹುಡುಗ ನನ್ನ ಕಡೆ ತಿರುಗಿ ಕಣ್ಣಗಲಿಸಿದ; ಅವನಿಗೂ ಮಗ್ಗ ಗೊತ್ತು. ಆದರೆ ಅದಾದ ಮೇಲೆ ಅರಾಕ್ನೆಗೆ ಹೆಚ್ಚು ಕೆಲಸವಿರಲಿಲ್ಲ. ಪೀಟರ್ ಸೋತಾಗ ಕನಸಿನಂತೆ ಬಂದು ಧೈರ್ಯ ಹೇಳುವ ದೇವತೆಯಾಗಿದ್ದಳು. ಅವಳ ಆಸೆ, ಸಿಟ್ಟು, ಒಂಟಿತನ, ಶಾಪದಿಂದ ಬಿಡುಗಡೆಯಾಗುವ ತವಕ ಎಲ್ಲ ಹೋಗಿದ್ದವು. ಕಾರ್ಪಿಯೊ ಅಷ್ಟೇ ತನ್ಮಯರಾಗಿ ಹಾಡಿದರು. ಮೊದಲ ರೂಪ ಕಂಡವರಿಗೆ ಆ ಹಾಡಿನ ಹಿಂದೆ ಕಾಣದ ಒಂದು ಅಂಕ ಇತ್ತು.

ಆಟ ಮುಗಿದು ಹೊರಬರುವಾಗ ನಮ್ಮ ಹುಡುಗ ಕೇಳಿದ ಮೊದಲ ಪ್ರಶ್ನೆ ಅರಾಕ್ನೆಯದೇ.

“ಅತ್ತೀ, ಎಲ್ಲಾ ತಿಳೀತು. ಆದ್ರ ಆ ಜೇಡದ ಹೆಣ್ಣಮಗಳು ಯಾಕ ಬಂದ್ಲು? ಆಕಿ ಇಲ್ಲಂದ್ರೂ ಕಥಿ ನಡೀತಿತ್ತಲ್ಲ?”

“ಮೊದಲಿನ ನಾಟಕ ಆಕೀದೇ ಇತ್ತೋ ತಮ್ಮಾ.”

“ಆಕೀದು ಅಂದ್ರ?”

ಬಸ್ಸಿನಲ್ಲಿ ಅವನಿಗೆ ಎರಡನೇ ಅಂಕವನ್ನು ಪೂರ್ತಿ ಹೇಳಿದೆ. ನೆನಪಿದ್ದಷ್ಟನ್ನು, ಭ್ರಮೆ ಯಾವುದು ನಿಜ ಯಾವುದೆಂದು ನನಗೂ ತಿಳಿಯದ ಜಾಗಗಳನ್ನು ಹಾಗೇ ಬಿಟ್ಟು. ಲಿಂಕನ್ ಸುರಂಗ ದಾಟುವವರೆಗೂ ಅವನು ಪ್ರಶ್ನೆ ಕೇಳುತ್ತಲೇ ಇದ್ದ. ಸಖಿಯರಿಗೆ ಎಂಟು ಕಾಲು ಹೇಗೆ ಮಾಡಿದ್ದರು, ಅರಾಕ್ನೆ ಕೊನೆಗೆ ಏನಾದಳು, ಜನ ಯಾಕೆ ಒಪ್ಪಲಿಲ್ಲ. ಸಿನಿಮಾ ಆಗಿದ್ದರೆ ಹಳೆಯ ಪ್ರತಿ ಎಲ್ಲೋ ಸಿಗುತ್ತಿತ್ತು. ನಾಟಕದ ಕೈಬಿಟ್ಟ ರೂಪ ಟಿಕೆಟ್ ಕೊಟ್ಟು ನೋಡಲು ಸಿಗುವುದಿಲ್ಲ. ನೋಡಿದವರು ಹೇಳಿದರೆ ಉಂಟು.

“ಅದನ್ನ ತಿದ್ದಬೇಕಿತ್ತು ಅತ್ತೀ. ತಗೀಬಾರದಿತ್ತು.”

ನಾನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ. ಅರಾಕ್ನೆಯನ್ನು ನನ್ನಷ್ಟು ಇಷ್ಟಪಟ್ಟವರು ಆ ಥಿಯೇಟರಿನಲ್ಲಿ ಕಡಿಮೆ ಇದ್ದಾರು. ಆದರೆ ಅವಳ ಕಥೆಯನ್ನು ಸರಿಯಾಗಿ ಹೇಳಲು ಇನ್ನೊಂದು ವರ್ಷ ಬೇಕಿತ್ತು. ಅವರ ಕೈಯಲ್ಲಿದ್ದದ್ದು ಮೂರು ವಾರ. ದಿನ ದಿನ ಎತ್ತರದಲ್ಲಿ ತಂತಿಗೆ ತೂಗುವ ಹುಡುಗರಿದ್ದರು, ಹೊಸ ಮಾತು ಹೊಸ ಹೆಜ್ಜೆ ಕಲಿಯಬೇಕಾದವರು. ಗೊಂದಲದ ನಾಟಕದಲ್ಲಿ ಗೊಂದಲದ ಕ್ರಮವೂ ಸೇರಿದರೆ ಅಪಾಯ ಅವರಿಗೆ. ಇದ್ದ ಸಮಯದಲ್ಲಿ ಕಥೆಯನ್ನು ನೆಟ್ಟಗೆ ಮಾಡುವ ದಾರಿ ಇದೊಂದೇ ಇತ್ತು, ಅದನ್ನು ಹಿಡಿದರು. ಮೊದಲ ಯೋಜನೆಗೆ ಮುಂಚೆಯೇ ಯಾರಾದರೂ ಈ ಪ್ರಶ್ನೆಗಳನ್ನು ಕೇಳಿದ್ದರೆ ಟೇಮರ್ ಅವರೇ ಅರಾಕ್ನೆಯನ್ನು ಉಳಿಸುತ್ತ ಪೀಟರನನ್ನು ಹತ್ತಿರ ತರುತ್ತಿದ್ದರೇನೋ. ನೋಡುವವರ ಮುಖ ಕಾಣುವ ಹೊತ್ತಿಗೆ ಕಬ್ಬಿಣವನ್ನೆಲ್ಲ ಬೆಸೆದು ಆಗಿದ್ದರೆ ತಿದ್ದಲು ಉಳಿಯುವುದು ಕತ್ತರಿಯೊಂದೇ. ಬಸ್ಸು ಇಳಿದು ಮನೆಯವರೆಗೂ ಇದೇ ವಾದ ಮಾಡಿಕೊಂಡು ನಡೆದೆವು.

ಜೂನ್ 14ರಂದು ನಾಟಕ ಕೊನೆಗೂ ಓಪನ್ ಆಯಿತು. ಒಟ್ಟು 182 ಪ್ರಿವ್ಯೂ. ಅದಕ್ಕೆ ಮುಂಚಿನ ಬ್ರಾಡ್‌ವೇ ದಾಖಲೆ 97. ವಿಮರ್ಶೆಗಳು ಫೆಬ್ರವರಿಗಿಂತ ಮೆತ್ತಗಿದ್ದವು, ಹೊಗಳಿಕೆ ಹೆಚ್ಚಿರಲಿಲ್ಲ. ಜನ ಮಾತ್ರ ಬಂದರು. 2014ರ ಜನವರಿ 4ರವರೆಗೆ ಆಡಿದರು. ಆದರೂ ಹಾಕಿದ ಬಂಡವಾಳ ತಿರುಗಿ ಬರಲಿಲ್ಲ. ಟೇಮರ್ ಮತ್ತು ನಿರ್ಮಾಪಕರ ನಡುವೆ 2011ರ ನವೆಂಬರಿನಲ್ಲಿ ಕೋರ್ಟಿಗೆ ಹೋದ ಜಗಳ 2013ರಲ್ಲಿ ರಾಜಿಯಾಯಿತು.

ಓಪನಿಂಗ್‌ನ ಮಾರನೆಯ ದಿನ ನಾನು ಆಫೀಸಿನಲ್ಲಿದ್ದಾಗ ನಮ್ಮ ಹುಡುಗನ ಫೋನ್ ಬಂತು.

“ಅತ್ತೀ, ಪೇಪರ್ ಓದೀದೇನು? ನಿನ್ನೆ ಕಡೀಗೆ ಎಲ್ಲಾರೂ ಸ್ಟೇಜ್ ಮ್ಯಾಲ ಬಂದಾಗ ಟೇಮರ್‌ನೂ ಬಂದಿದ್ಲಂತ. ಜನ ಎದ್ದು ನಿಂತು ಚಪ್ಪಾಳಿ ಹೊಡದಾರ.”

ಓದಿರಲಿಲ್ಲ. ಓದಿ ಹೇಳು ಎಂದೆ, ಓದಿದ.